ಅಜ್ಟೆಕರ ಶಿಲಾಸ್ಮಾರಕಗಳು

ಒಂದು ಜನಾಂಗದ ಗ್ರಂಥಗಳು ಬೆಂಕಿಗೆ ಆಹುತಿಯಾದ ಮೇಲೆ, ಅದರ ಅರಸರು ಅಳಿದು ಅದರ ರಾಜಧಾನಿಯ ಮೇಲೆಯೇ ಪರಕೀಯರ ನಗರವು ಎದ್ದು ನಿಂತ ಮೇಲೆ, ಆ ಜನರ ಬಾಳನ್ನೂ ಭಾವನೆಯನ್ನೂ ಅರಿಯಲು ಉಳಿಯುವ ಸಾಧನ ಯಾವುದು? ಮೆಕ್ಸಿಕೋ ದೇಶದ ಅಜ್ಟೆಕರ ವಿಷಯದಲ್ಲಿ ಈ ಪ್ರಶ್ನೆಗೆ ದೊರೆಯುವ ಮುಖ್ಯ ಉತ್ತರವೆಂದರೆ ಕಲ್ಲು. ಲೇಖನಿಯಿಂದ ಬರೆದುದು ಬಹುಮಟ್ಟಿಗೆ ನಾಶವಾಯಿತು. ಉಳಿಯಿಂದ ಬರೆದುದು ನೆಲದೊಳಗೆ ಅಡಗಿ ಕಾಲವನ್ನು ಕಾಯಿತು. ಆ ಶಿಲೆಗಳು ಯಾವುವು, ಅವುಗಳನ್ನು ಹೇಗೆ ಕಡೆದರು, ಅವು ಮತ್ತೆ ಬೆಳಕಿಗೆ ಬಂದ ಬಗೆ ಯಾವುದು, ಅವುಗಳನ್ನು ಇಂದು ನಾವು ಯಾವ ಮನೋಧರ್ಮದಿಂದ ಓದಬೇಕು ಎಂಬುದನ್ನು ಸ್ಥೂಲವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ಆ ನಾಡಿಗೂ ನಮ್ಮ ನಾಡಿಗೂ ಮಹಾಸಾಗರಗಳ ಅಂತರವಿದ್ದರೂ ಅಜ್ಟೆಕರ ನಾಡಿನ ಕೊಡುಗೆಗಳು ನಮ್ಮ ಮನೆಯಂಗಳವನ್ನು ತಲುಪಿ ಬಹುಕಾಲವಾಗಿದೆ. ನಾವು ಹಬ್ಬದ ತೋರಣಕ್ಕೆ ಕಟ್ಟುವ ಚೆಂಡುಹೂವಿನ ತವರು ಮೆಕ್ಸಿಕೋ. ಅಜ್ಟೆಕರ ನಾವಾತ್ಲ್ ಭಾಷೆಯಲ್ಲಿ ಅದರ ಹೆಸರಿಗೆ 'ಇಪ್ಪತ್ತರ ಹೂವು' ಎಂದರ್ಥ. ಟೊಮೇಟೊ, ಚಾಕೊಲೇಟು ಎಂಬ ಪದಗಳ ಮೂಲವೂ ಅದೇ ಭಾಷೆ. ಅವರ ಲೆಕ್ಕಾಚಾರವೆಲ್ಲ ಹತ್ತರ ಬದಲು ಇಪ್ಪತ್ತನ್ನು ಆಧರಿಸಿತ್ತು. ಈ ಒಂದು ಅಂಶವನ್ನು ನೆನಪಿನಲ್ಲಿಟ್ಟರೆ ಮುಂದೆ ಬರುವ ಸೂರ್ಯಶಿಲೆಯನ್ನು ಅರ್ಥಮಾಡಿಕೊಳ್ಳುವುದು ಸುಲಭವಾಗುತ್ತದೆ.

ಸರೋವರದ ನಡುವಣ ರಾಜಧಾನಿ

ಅಜ್ಟೆಕರು ತಮ್ಮನ್ನು ಮೆಶೀಕರೆಂದು ಕರೆದುಕೊಳ್ಳುತ್ತಿದ್ದರು; ಮೆಕ್ಸಿಕೋ ಎಂಬ ಹೆಸರು ಹುಟ್ಟಿದುದು ಅದರಿಂದಲೇ. ಉತ್ತರದಿಂದ ವಲಸೆ ಬಂದ ಈ ಜನರು 1325ರಲ್ಲಿ ತೆಶ್ಕೋಕೊ ಸರೋವರದ ಒಂದು ದ್ವೀಪದಲ್ಲಿ ತೆನೋಚ್ತಿತ್ಲಾನ್ ನಗರವನ್ನು ಸ್ಥಾಪಿಸಿದರೆಂದು ಪರಂಪರೆಯು ಹೇಳುತ್ತದೆ. ಪಾಪಾಸುಕಳ್ಳಿಯ ಮೇಲೆ ಹದ್ದು ಕುಳಿತ ಸ್ಥಳವೇ ನಿಮ್ಮ ನೆಲೆ ಎಂದು ಅವರ ದೇವತೆ ವಿತ್ಸಿಲೊಪೊಚ್ತ್ಲಿ ನುಡಿದಿದ್ದನಂತೆ. ಇಂದಿನ ಮೆಕ್ಸಿಕೋ ರಾಷ್ಟ್ರಧ್ವಜದಲ್ಲಿ ಕಾಣುವ ಚಿಹ್ನೆ ಅದೇ. ಈ ದೃಶ್ಯವನ್ನು ಹಿಂಬದಿಯಲ್ಲಿ ಕಡೆದಿರುವ, ಸಣ್ಣ ದೇವಾಲಯದ ಆಕಾರದ ಶಿಲೆಯೊಂದು ಅಲ್ಲಿನ ರಾಷ್ಟ್ರೀಯ ಅರಮನೆಯ ತಳಪಾಯದಲ್ಲಿ 1831ರಲ್ಲಿ ಕಣ್ಣಿಗೆ ಬಿದ್ದು, 1926ರಲ್ಲಿ ಹೊರತೆಗೆಯಲ್ಪಟ್ಟಿತು.

1428ರಲ್ಲಿ ನೆರೆಯ ಎರಡು ನಗರಗಳೊಡನೆ ಮೈತ್ರಿ ಬೆಳೆಸಿದ ತರುವಾಯ ಅಜ್ಟೆಕರ ಪ್ರಾಬಲ್ಯವು ವೇಗವಾಗಿ ಬೆಳೆಯಿತು. 1519ರಲ್ಲಿ ಸ್ಪೇನಿನ ಹೆರ್ನಾನ್ ಕೊರ್ತೆಸನು ಬಂದನು. ಅಜ್ಟೆಕರಿಗೆ ಕಪ್ಪ ತೆತ್ತು ಬೇಸತ್ತಿದ್ದ ಮತ್ತು ಅವರೊಡನೆ ಕಾದಾಡುತ್ತಿದ್ದ ನೆರೆಯ ಜನಾಂಗಗಳ ನೆರವಿನಿಂದ ಆತನು 1521ರ ಆಗಸ್ಟ್ 13ರಂದು ರಾಜಧಾನಿಯನ್ನು ಗೆದ್ದುಕೊಂಡನು. ಈ ಎರಡು ವರ್ಷಗಳ ನಡುವಣ ಅಂತರವು ಒಂದು ಶತಮಾನವನ್ನೂ ಮುಟ್ಟುವುದಿಲ್ಲ. ನಾವು ಇಂದು ಬೆರಗಿನಿಂದ ನೋಡುವ ಮಹಾಶಿಲೆಗಳಲ್ಲಿ ಬಹುಪಾಲು ಈ ಅಲ್ಪಾವಧಿಯ ನಿರ್ಮಾಣಗಳೆಂಬುದು ಗಮನಾರ್ಹ.

ಕಲ್ಲಿನಿಂದ ಕಲ್ಲನ್ನು ಕಡೆದವರು

ಅಜ್ಟೆಕರಿಗೆ ಕಬ್ಬಿಣದ ಬಳಕೆ ತಿಳಿದಿರಲಿಲ್ಲ. ಭಾರವೆಳೆಯುವ ಎತ್ತು ಕುದುರೆಗಳು ಆ ಖಂಡದ ಆ ಭಾಗದಲ್ಲಿ ಇರಲಿಲ್ಲ. ಪ್ರಾಚೀನ ಮೆಕ್ಸಿಕೋದ ಆಟಿಕೆಗಳಲ್ಲಿ ಚಕ್ರವು ಕಾಣಿಸಿಕೊಂಡರೂ ಸಾಗಣೆಗೆ ಅದನ್ನು ಬಳಸಲಿಲ್ಲ. ಹೀಗಿರುವಾಗ ಹತ್ತಾರು ಟನ್ ತೂಕದ ಬಂಡೆಗಳನ್ನು ಜ್ವಾಲಾಮುಖಿಗಳ ತಪ್ಪಲಿನಿಂದ ತಂದು, ಜೌಗುನೆಲದ ದ್ವೀಪಕ್ಕೆ ಸೇರಿಸಿ, ಕೂದಲೆಳೆಯಷ್ಟು ನಯವಾದ ರೇಖೆಗಳನ್ನು ಅವುಗಳ ಮೇಲೆ ಮೂಡಿಸಿದುದು ಹೇಗೆ?

ಉತ್ತರವು ಸರಳವಾದುದು, ಆದರೆ ಶ್ರಮದಾಯಕವಾದುದು. ಮೆದುವಾದ ಶಿಲೆಯನ್ನು ಗಟ್ಟಿಯಾದ ಶಿಲೆಯಿಂದ ಕುಟ್ಟಿ ಆಕಾರಕ್ಕೆ ತಂದರು. ಚಕಮಕಿಕಲ್ಲಿನ ಉಳಿಗಳಿಂದ ವಿವರಗಳನ್ನು ಕೊರೆದರು. ಮರಳು ಮತ್ತು ನೀರನ್ನು ಹಾಕಿ ದಿನಗಟ್ಟಲೆ ಉಜ್ಜಿ ಮೇಲ್ಮೈಯನ್ನು ನಯಗೊಳಿಸಿದರು. ಸಾಗಣೆಗೆ ಹಗ್ಗ, ಸನ್ನೆಗೋಲು, ಮರದ ದಿಮ್ಮಿಗಳು ಮತ್ತು ಅಸಂಖ್ಯ ಜನರ ತೋಳುಗಳೇ ಸಾಧನ. ಅಧೀನ ಊರುಗಳು ಅರಸನಿಗೆ ಒಪ್ಪಿಸಬೇಕಾದ ಸೇವೆಯಲ್ಲಿ ಈ ದುಡಿಮೆಯೂ ಸೇರಿತ್ತು. 16ನೆಯ ಶತಮಾನದಲ್ಲಿ ಅಜ್ಟೆಕರ ಚರಿತ್ರೆಯನ್ನು ಬರೆದಿಟ್ಟ ಪಾದ್ರಿ ದಿಯೇಗೊ ದುರಾನನು ಒಂದು ಕಥೆಯನ್ನು ಹೇಳಿದ್ದಾನೆ. ಕಡೆಯ ದೊರೆಗಳಲ್ಲೊಬ್ಬನಾದ ಎರಡನೆಯ ಮೊಕ್ತೆಸೂಮನು ಒಂದು ಮಹಾಶಿಲೆಯನ್ನು ರಾಜಧಾನಿಗೆ ತರಿಸಲು ಹೊರಟಾಗ ಆ ಶಿಲೆಯೇ ಮಾತನಾಡಿ ತಾನು ಬರಲಾರೆನೆಂದಿತಂತೆ. ಬಲವಂತದಿಂದ ಎಳೆದಾಗ ಸೇತುವೆಯನ್ನು ಮುರಿದು ನೀರಿಗೆ ಬಿದ್ದು, ಕೊನೆಗೆ ತನ್ನ ಮೂಲಸ್ಥಾನದಲ್ಲಿಯೇ ಕಾಣಿಸಿಕೊಂಡಿತಂತೆ. ಇದು ಕಟ್ಟುಕಥೆಯೇ ಇರಬಹುದು. ಆದರೆ ಬಂಡೆಯನ್ನೆಳೆದ ಜನರ ಬಳಲಿಕೆಯೂ ಪತನದ ಮುನ್ಸೂಚನೆಯೂ ಅದರಲ್ಲಿ ಅಡಗಿವೆ.

ಈ ಶಿಲ್ಪಿಗಳ ಹೆಸರುಗಳು ಉಳಿದಿಲ್ಲ. ಕುಶಲಕರ್ಮಿಯನ್ನು ಅವರು ತೋಲ್ತೆಕನೆಂದು ಕರೆಯುತ್ತಿದ್ದರು. ತಮಗಿಂತ ಹಿಂದೆ ತೂಲಾ ನಗರದಲ್ಲಿ ಬಾಳಿದ ತೋಲ್ತೆಕರೇ ಸಕಲ ಕಲೆಗಳ ಗುರುಗಳೆಂಬುದು ಅವರ ನಂಬುಗೆ. ಹಳೆಯದರ ಬಗ್ಗೆ ಅವರಿಗಿದ್ದ ಗೌರವಕ್ಕೆ ಪ್ರತ್ಯಕ್ಷ ಸಾಕ್ಷ್ಯವೂ ಇದೆ. ರಾಜಧಾನಿಯ ಮಹಾದೇವಾಲಯದ ಅಡಿಯಲ್ಲಿ ಹೂತಿಟ್ಟ ಕಾಣಿಕೆಗಳ ನಡುವೆ ಓಲ್ಮೆಕ್ ಜನರ ಒಂದು ಶಿಲಾಮುಖವಾಡವು ದೊರೆತಿದೆ. ಅಜ್ಟೆಕರು ಅದನ್ನು ಹೂಳುವ ವೇಳೆಗೇ ಅದು 2,000 ವರ್ಷಗಳಿಗೂ ಹಳೆಯದಾಗಿತ್ತು.

ಸರ್ಪವಸನೆಯ ಪುನರಾಗಮನ

ವಿಜಯಿಗಳಾದ ಸ್ಪೇನಿನವರು ದೇವಾಲಯಗಳನ್ನು ಕೆಡವಿ, ಅವುಗಳ ಕಲ್ಲುಗಳಿಂದಲೇ ಚರ್ಚುಗಳನ್ನೂ ಮನೆಗಳನ್ನೂ ಕಟ್ಟಿಸಿದರು. ಮೆಕ್ಸಿಕೋದ ಮೊದಲ ಬಿಷಪ್ ಜುವಾನ್ ದೆ ಸುಮಾರ್ರಾಗನು 500 ದೇವಾಲಯಗಳನ್ನೂ 20,000 ವಿಗ್ರಹಗಳನ್ನೂ ನಾಶಗೊಳಿಸಿದುದಾಗಿ 1531ರ ಪತ್ರವೊಂದರಲ್ಲಿ ಹೆಮ್ಮೆಯಿಂದ ಬರೆದುಕೊಂಡನು. ಒಡೆಯಲಾಗದಷ್ಟು ದೊಡ್ಡವಾದ ಶಿಲೆಗಳು ಮಣ್ಣು ಸೇರಿದವು. ಅವು ಅಲ್ಲಿವೆಯೆಂಬ ನೆನಪೂ ಕ್ರಮೇಣ ಮರೆಯಾಯಿತು.

1790ರಲ್ಲಿ ವೈಸ್‌ರಾಯ್ ರೆವಿಯಾಹಿಹೇದೊನು ನಗರದ ಪ್ರಧಾನ ಚೌಕಕ್ಕೆ ಕಲ್ಲುಹಾಸು ಹಾಕಿಸಲು ಮತ್ತು ಚರಂಡಿಗಳನ್ನು ನಿರ್ಮಿಸಲು ಆಜ್ಞಾಪಿಸಿದನು. ಆ ವರ್ಷದ ಆಗಸ್ಟ್ 13ರಂದು, ಎಂದರೆ ತೆನೋಚ್ತಿತ್ಲಾನ್ ಪತನಗೊಂಡು ಸರಿಯಾಗಿ 269 ವರ್ಷಗಳಾದ ದಿನ, ನೆಲ ಅಗೆಯುತ್ತಿದ್ದ ಕೆಲಸಗಾರರಿಗೆ ಆಳೆತ್ತರವನ್ನು ಮೀರಿದ ಒಂದು ವಿಗ್ರಹವು ಎದುರಾಯಿತು. ಅದು ಕೊವಾತ್ಲಿಕ್ವೆ, ಎಂದರೆ ಸರ್ಪವನ್ನೇ ವಸ್ತ್ರವಾಗಿ ಉಟ್ಟವಳು.

ಎರಡೂವರೆ ಮೀಟರಿಗೂ ಎತ್ತರವಾದ ಈ ಶಿಲೆಯಲ್ಲಿ ಮಾನವ ಮುಖವಿಲ್ಲ. ಕತ್ತರಿಸಿದ ಕೊರಳಿನಿಂದ ಚಿಮ್ಮಿದ ರಕ್ತಧಾರೆಗಳು ಎರಡು ಹಾವುಗಳಾಗಿ, ಅವುಗಳ ಹೆಡೆಗಳು ಎದುರುಬದುರಾಗಿ ಕೂಡಿ ಒಂದು ಭೀಕರ ಮುಖವಾಗಿದೆ. ಕೊರಳಲ್ಲಿ ಅಂಗೈಗಳ ಮತ್ತು ಹೃದಯಗಳ ಹಾರ; ಅದರ ನಡುವೆ ತಲೆಬುರುಡೆಯ ಪದಕ. ಸೊಂಟದಿಂದ ಕೆಳಗೆ ಹೆಣೆದುಕೊಂಡ ಹಾವುಗಳ ಉಡುಗೆ. ಪಾದಗಳಿಗೆ ಬೇಟೆಹಕ್ಕಿಯ ಉಗುರುಗಳು. ಆದರೆ ಈಕೆ ಕೇವಲ ಮೃತ್ಯುರೂಪಿಣಿಯಲ್ಲ. ವಿತ್ಸಿಲೊಪೊಚ್ತ್ಲಿಯನ್ನು ಹೆತ್ತ ತಾಯಿ, ಭೂಮಿಯ ರೂಪ. ಬೀಜವನ್ನು ಮೊಳೆಯಿಸುವ ಮಣ್ಣೇ ಹೆಣವನ್ನೂ ನುಂಗುತ್ತದೆ ಎಂಬ ಸತ್ಯವನ್ನು ಶಿಲ್ಪಿಯು ಒಂದೇ ಶಿಲೆಯಲ್ಲಿ ನಿಲ್ಲಿಸಿದ್ದಾನೆ. ಇನ್ನೊಂದು ವಿಶೇಷವನ್ನು ಇಲ್ಲಿ ಹೇಳಲೇಬೇಕು. ವಿಗ್ರಹದ ಅಡಿಭಾಗದಲ್ಲಿ, ಎಂದರೆ ನೆಲಕ್ಕೆ ತಾಗಿ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಭೂದೇವತೆಯಾದ ತ್ಲಾಲ್ತೆಕುತ್ಲಿಯ ಪೂರ್ಣಾಕೃತಿಯನ್ನು ಅಷ್ಟೇ ಶ್ರದ್ಧೆಯಿಂದ ಕಡೆಯಲಾಗಿದೆ. ಆ ಕೆತ್ತನೆಯು ಮನುಷ್ಯರ ಮೆಚ್ಚುಗೆಗಾಗಿ ಮಾಡಿದುದಲ್ಲ. ಅದು ಭೂಮಿಯೊಡನೆ ಆಡಿದ ಮಾತು.

ಮುಂದೆ ನಡೆದುದು ವಿದ್ಯಾಸಂಸ್ಥೆಗಳೊಡನೆ ಸಂಬಂಧವುಳ್ಳವರೆಲ್ಲರೂ ಯೋಚಿಸಬೇಕಾದ ಸಂಗತಿ. ವೈಸ್‌ರಾಯನು ವಿಗ್ರಹವನ್ನು ಒಡೆಯಿಸದೆ ಅಧ್ಯಯನಕ್ಕಾಗಿ ವಿಶ್ವವಿದ್ಯಾಲಯಕ್ಕೆ ಕಳುಹಿಸಿದನು. ಅಲ್ಲಿ ಸ್ಥಳೀಯ ಮೂಲನಿವಾಸಿಗಳು ಹೂವುಗಳನ್ನೂ ಮೇಣದ ದೀಪಗಳನ್ನೂ ತಂದು ಆಕೆಯ ಮುಂದೆ ನಿಲ್ಲತೊಡಗಿದರು. ಅಧ್ಯಾಪಕರು ಅಳುಕಿದರು. ವಿದ್ಯಾರ್ಥಿಗಳ ಕಣ್ಣಿಗೆ ಅದು ಬೀಳಬಾರದು, ಅಳಿದುಹೋಯಿತೆಂದು ಭಾವಿಸಿದ್ದ ಹಳೆಯ ಭಕ್ತಿಯು ಮರುಕಳಿಸಬಾರದು ಎಂದು ವಿಶ್ವವಿದ್ಯಾಲಯದ ಅಂಗಳದಲ್ಲಿಯೇ ವಿಗ್ರಹವನ್ನು ಹೂಳಿಸಿದರು. 1803ರಲ್ಲಿ ಜರ್ಮನಿಯ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹುಂಬೋಲ್ಟನು ಬಂದು ಬಿಷಪ್ ಒಬ್ಬರ ಮೂಲಕ ಬಿನ್ನವಿಸಿಕೊಂಡಾಗ ಅದನ್ನು ಅಗೆದು ತೋರಿಸಿದರು. ಆತನು ನೋಡಿದ ಮೇಲೆ ಮತ್ತೆ ಮುಚ್ಚಿದರು. ಸ್ವಾತಂತ್ರ್ಯಾನಂತರ, 1823ರಲ್ಲಿ ವಿಲಿಯಂ ಬುಲಕ್ ಎಂಬ ಆಂಗ್ಲನು ಅಚ್ಚು ತೆಗೆಯಲೆಂದು ಅದನ್ನು ಇನ್ನೊಮ್ಮೆ ಹೊರತೆಗೆಯಿಸಿದನು. ಮರುವರ್ಷ ಅದರ ಪ್ರತಿಕೃತಿಯನ್ನು ಲಂಡನ್ನಿನ ಜನರು ಕಂಡರು. ಜ್ಞಾನಕ್ಕಾಗಿ ಸ್ಥಾಪಿತವಾದ ಮಂದಿರವೇ ಜ್ಞಾನದ ವಸ್ತುವನ್ನು ಹೂತಿಟ್ಟ ಈ ಪ್ರಸಂಗಕ್ಕಿಂತ ವಿಷಾದಕರವಾದುದು ಬೇರೆ ಯಾವುದಿದ್ದೀತು?

ಸೂರ್ಯಶಿಲೆ

ಅದೇ 1790ರ ಡಿಸೆಂಬರ್ 17ರಂದು ಅದೇ ಚೌಕದಲ್ಲಿ ಮತ್ತೊಂದು ಮಹಾಶಿಲೆಯು ಹೊರಬಿದ್ದಿತು. ಸುಮಾರು 3.6 ಮೀಟರ್ ವ್ಯಾಸ, 24 ಟನ್‌ಗಳಷ್ಟು ತೂಕವುಳ್ಳ ಈ ಕಪ್ಪುಶಿಲೆಯೇ ಲೋಕವಿಖ್ಯಾತವಾದ ಸೂರ್ಯಶಿಲೆ. ಖಗೋಳಜ್ಞನಾದ ಅಂತೋನಿಯೊ ದೆ ಲಿಯೋನ್ ಇ ಗಾಮಾ ಎಂಬ ಮೆಕ್ಸಿಕೋದ ವಿದ್ವಾಂಸನು ಎರಡೂ ಶಿಲೆಗಳನ್ನು ಕುರಿತು 1792ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಇಂಥ ಶಿಲೆಗಳನ್ನು ಕಡೆದವರು ಅನಾಗರಿಕರಾಗಿರಲು ಸಾಧ್ಯವಿಲ್ಲವೆಂದು ಪ್ರತಿಪಾದಿಸಿದ ಈ ಕೃತಿಯಿಂದಲೇ ಮೆಕ್ಸಿಕೋದ ಪುರಾತತ್ತ್ವ ವಿಚಾರವು ಆರಂಭವಾಯಿತೆಂದರೆ ಅತಿಶಯೋಕ್ತಿಯಾಗಲಾರದು. ಶಿಲೆಯನ್ನು ಪ್ರಧಾನ ಚರ್ಚಿನ ಗೋಪುರದ ಹೊರಗೋಡೆಗೆ ಆನಿಸಿ ನಿಲ್ಲಿಸಲಾಯಿತು. 1885ರವರೆಗೆ ಅದು ಅಲ್ಲಿಯೇ ಬಿಸಿಲು ಮಳೆಗಳಿಗೆ ಮೈಯೊಡ್ಡಿಕೊಂಡಿತ್ತು. 1964ರಿಂದ ಚಾಪುಲ್ತೆಪೆಕ್ಕಿನಲ್ಲಿರುವ ರಾಷ್ಟ್ರೀಯ ಮಾನವಶಾಸ್ತ್ರ ವಸ್ತುಸಂಗ್ರಹಾಲಯದ ಮುಖ್ಯ ಆಕರ್ಷಣೆ ಅದೇ ಆಗಿದೆ.

ಶಿಲೆಯ ನಡುವೆ ನಾಲಿಗೆಯನ್ನು ಹೊರಚಾಚಿದ ಒಂದು ಮುಖವಿದೆ. ಅದು ಸೂರ್ಯದೇವನಾದ ತೊನಾತಿಯುವಿನದೆಂದು ಹಲವರ ಮತ; ಭೂದೇವತೆಯದೆಂದು ಕೆಲವರ ವಾದ. ಅದರ ಸುತ್ತ ನಾಲ್ಕು ಚೌಕಗಳು. ಅಜ್ಟೆಕರ ನಂಬುಗೆಯಂತೆ ನಮಗಿಂತ ಮುಂಚೆ ನಾಲ್ಕು ಸೂರ್ಯರು, ಎಂದರೆ ನಾಲ್ಕು ಯುಗಗಳು, ಆಗಿಹೋಗಿವೆ. ಮೊದಲನೆಯ ಯುಗದವರನ್ನು ಜಾಗ್ವಾರ್‌ಗಳು ತಿಂದವು. ಎರಡನೆಯದನ್ನು ಬಿರುಗಾಳಿ, ಮೂರನೆಯದನ್ನು ಬೆಂಕಿಯ ಮಳೆ, ನಾಲ್ಕನೆಯದನ್ನು ಜಲಪ್ರಳಯ ನುಂಗಿದವು. ಈ ನಾಲ್ಕು ವಿನಾಶಗಳ ಚಿಹ್ನೆಗಳೇ ಆ ನಾಲ್ಕು ಚೌಕಗಳು. ಇವೆಲ್ಲ ನಡುವಣ ಮುಖದೊಡನೆ ಕೂಡಿ 'ನಾಲ್ಕು ಚಲನ' ಎಂಬ ಐದನೆಯ ಚಿಹ್ನೆಯಾಗುತ್ತವೆ. ಅದು ನಾವಿರುವ ಯುಗದ ಹೆಸರು. ಇದರ ಅಂತ್ಯವು ಭೂಕಂಪದಿಂದ ಎಂದು ಅವರು ನಂಬಿದ್ದರು. ಹೊರವರ್ತುಲದಲ್ಲಿ ಎರಡು ಅಗ್ನಿಸರ್ಪಗಳು ಶಿಲೆಯನ್ನು ಬಳಸಿ ಬಂದು ಕೆಳಗೆ ಮುಖಾಮುಖಿಯಾಗುತ್ತವೆ. ಮೇಲ್ತುದಿಯಲ್ಲಿ 'ಹದಿಮೂರು ಜೊಂಡು' ಎಂಬ ವರ್ಷದ ಹೆಸರಿದೆ. ಐದನೆಯ ಸೂರ್ಯನು ಹುಟ್ಟಿದ ವರ್ಷವದು.

ಮುಖವನ್ನು ಸುತ್ತುವರಿದ ಒಂದು ವರ್ತುಲದಲ್ಲಿ ಇಪ್ಪತ್ತು ದಿನಗಳ ಚಿಹ್ನೆಗಳಿವೆ: ಮೊಸಳೆ, ಗಾಳಿ, ಮನೆ, ಹಲ್ಲಿ, ಹಾವು ಮೊದಲಾಗಿ ಹೂವಿನವರೆಗೆ. ಈ ಇಪ್ಪತ್ತು ಹೆಸರುಗಳ ಜೊತೆಗೆ ಒಂದರಿಂದ ಹದಿಮೂರರವರೆಗಿನ ಅಂಕೆಗಳು ಸರದಿಯಾಗಿ ಸೇರುತ್ತಿದ್ದವು. ಹೀಗೆ 20 ಮತ್ತು 13ರ ಗುಣಲಬ್ಧವಾದ 260 ದಿನಗಳ ಧಾರ್ಮಿಕ ವರ್ಷವೊಂದು ಏರ್ಪಟ್ಟಿತು. ಇದರ ಜೊತೆಯಲ್ಲಿ 20 ದಿನಗಳ 18 ತಿಂಗಳುಗಳೂ ಅಶುಭವೆನಿಸಿದ 5 ಹೆಚ್ಚುವರಿ ದಿನಗಳೂ ಸೇರಿದ 365 ದಿನಗಳ ಸೌರವರ್ಷವು ನಡೆಯುತ್ತಿತ್ತು. ಎರಡೂ ಒಟ್ಟಿಗೆ ಹೊರಟರೆ ಮತ್ತೆ ಒಟ್ಟಿಗೆ ಬಂದು ಸೇರುವುದು 18,980 ದಿನಗಳ ನಂತರ. 365ರ ವರ್ಷಗಳು 52, 260ರ ವರ್ಷಗಳು 73 ಆದಾಗ. ಈ ಲೆಕ್ಕವನ್ನು ತರಗತಿಯ ವಿದ್ಯಾರ್ಥಿಗಳಿಂದಲೇ ಮಾಡಿಸಿದರೆ ಲಘುತಮ ಸಾಮಾನ್ಯ ಅಪವರ್ತ್ಯಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ಸಿಗಲಾರದು.

ಪ್ರತಿ 52 ವರ್ಷಗಳ ಕೊನೆಯಲ್ಲಿ ಜನರು ಮನೆಯ ಒಲೆಗಳನ್ನೆಲ್ಲ ಆರಿಸಿ ಕತ್ತಲೆಯಲ್ಲಿ ಕಾಯುತ್ತಿದ್ದರು. ಬೆಟ್ಟವೊಂದರ ನೆತ್ತಿಯಲ್ಲಿ ಪುರೋಹಿತರು ಹೊಸ ಬೆಂಕಿಯನ್ನು ಕಡೆದ ಬಳಿಕ ಲೋಕವು ಇನ್ನೊಂದು ಆವರ್ತದವರೆಗೆ ಉಳಿಯಿತೆಂದು ನಿಟ್ಟುಸಿರು ಬಿಡುತ್ತಿದ್ದರು. ಇಂಥ ಕಡೆಯ ವಿಧಿಯು ನಡೆದುದು 1507ರಲ್ಲಿ. ಮುಗಿದ ವರ್ಷಗಳನ್ನು ಜೊಂಡಿನ ಕಂತೆಯಂತೆ ಕಲ್ಲಿನಲ್ಲಿ ಕಡೆದು ಹೂಳುತ್ತಿದ್ದರು. ಅಂಥ ಶಿಲಾಕಂತೆಗಳು ಇಂದಿಗೂ ನೋಡಸಿಗುತ್ತವೆ.

ಇಷ್ಟೆಲ್ಲ ಇದ್ದರೂ ಸೂರ್ಯಶಿಲೆಯನ್ನು ಪಂಚಾಂಗವೆನ್ನುವುದು ಸರಿಯಲ್ಲ. ಅದನ್ನು ನೋಡಿ ಇಂದು ಯಾವ ದಿನವೆಂದು ಹೇಳಲು ಬರುವುದಿಲ್ಲ. ಅದು ಮೂಲತಃ ಗೋಡೆಗೆ ನಿಲ್ಲಿಸಿದುದೂ ಅಲ್ಲ, ನೆಲದಲ್ಲಿ ಅಡ್ಡಲಾಗಿ ಮಲಗಿಸಿದುದು. ಬಲಿವಿಧಿಗಳಿಗೆ ಸಂಬಂಧಿಸಿದ ವೇದಿಕೆಯಾಗಿತ್ತೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಎರಡನೆಯ ಮೊಕ್ತೆಸೂಮನ ಹೆಸರಿನ ಚಿಹ್ನೆಯು ಅದರಲ್ಲಿರುವುದರಿಂದ ಆತನು ಆಳಿದ 1502ರಿಂದ 1520ರ ನಡುವಿನ ಕೃತಿಯೆಂದು ಪರಿಗಣಿಸುತ್ತಾರೆ.

ವಿಜಯದ ಶಿಲೆಗಳು

1791ರ ಡಿಸೆಂಬರ್ 17ರಂದು ಮೂರನೆಯದೊಂದು ಶಿಲೆ ದೊರೆಯಿತು. 1481ರಿಂದ 1486ರವರೆಗೆ ಆಳಿದ ತಿಸೋಕನ ಹೆಸರು ಅದಕ್ಕಿದೆ. ಮದ್ದಳೆಯಾಕಾರದ ಈ ಶಿಲೆಯ ವ್ಯಾಸ ಸುಮಾರು 2.65 ಮೀಟರ್. ಮೇಲ್ಭಾಗದಲ್ಲಿ ಸೂರ್ಯಬಿಂಬ, ಸುತ್ತಲೂ ಹದಿನೈದು ದೃಶ್ಯಗಳು. ಪ್ರತಿಯೊಂದರಲ್ಲಿಯೂ ಅಜ್ಟೆಕ್ ವೀರನು ಒಂದೊಂದು ಊರಿನ ದೇವತೆಯ ಮುಡಿಯನ್ನು ಹಿಡಿದೆಳೆಯುತ್ತಿದ್ದಾನೆ. ಪಕ್ಕದಲ್ಲಿ ಆ ಊರಿನ ಹೆಸರಿನ ಚಿಹ್ನೆಯಿದೆ. ಹದಿನೈದು ಊರುಗಳನ್ನೂ ಈತನೇ ಗೆದ್ದನೆಂದು ತಿಳಿಯುವಂತಿಲ್ಲ. ಆತನ ಆಳ್ವಿಕೆಯು ಅಲ್ಪಕಾಲದ್ದು, ಯುದ್ಧಗಳಲ್ಲಿ ಮಂದವಾದುದು. ಪೂರ್ವಜರ ವಿಜಯಗಳನ್ನೂ ಶಿಲೆಯು ತನ್ನದಾಗಿಸಿಕೊಂಡಿದೆ. 1988ರಲ್ಲಿ ಹಳೆಯ ಆರ್ಚ್‌ಬಿಷಪ್ಪರ ಅರಮನೆಯಲ್ಲಿ ದೊರೆತ, ಇದಕ್ಕಿಂತ ಹಿಂದಿನದಾದ ಮೊದಲನೆಯ ಮೊಕ್ತೆಸೂಮನ ಶಿಲೆಯಲ್ಲಿ ಇಂಥವೇ ಹನ್ನೊಂದು ದೃಶ್ಯಗಳಿರುವುದು ಈ ಅಭಿಪ್ರಾಯವನ್ನು ಬಲಪಡಿಸಿದೆ. ಅರಸರು ಬರೆಯಿಸಿದ ಕಲ್ಲೂ ಅರಸರಿಗೆ ಬೇಕಾದುದನ್ನೇ ನುಡಿಯುತ್ತದೆಂಬ ವಿವೇಕವನ್ನು ಇತಿಹಾಸದ ವಿದ್ಯಾರ್ಥಿಯು ಎಲ್ಲ ದೇಶಗಳಲ್ಲಿಯೂ ಉಳಿಸಿಕೊಳ್ಳಬೇಕು.

ಮಹಾದೇವಾಲಯದ ಬುಡದಲ್ಲಿ

ನಮ್ಮ ಕಾಲದ ಅತ್ಯಂತ ಮಹತ್ವದ ಶೋಧನೆಯು ನಡೆದುದು 1978ರ ಫೆಬ್ರವರಿ 21ರಂದು. ವಿದ್ಯುತ್ ಕಂಪನಿಯ ಕೆಲಸಗಾರರು ಚರ್ಚಿನ ಹಿಂಬದಿಯ ಬೀದಿಯೊಂದರ ಮೂಲೆಯಲ್ಲಿ ಅಗೆಯುತ್ತಿರುವಾಗ ಗುದ್ದಲಿಗೆ ಒಂದು ಕೆತ್ತನೆಯ ಶಿಲೆ ತಗುಲಿತು. ಅದು ಮೂರು ಮೀಟರಿಗೂ ಅಗಲವಾದ, ಸುಮಾರು 8 ಟನ್ ತೂಕದ ವರ್ತುಲ ಶಿಲೆ. ಅದರಲ್ಲಿ ಕೈಕಾಲು ಮತ್ತು ಶಿರಗಳನ್ನು ಛೇದಿಸಲ್ಪಟ್ಟ ಒಬ್ಬ ಸ್ತ್ರೀ. ಕೆನ್ನೆಯ ಮೇಲಿನ ಗೆಜ್ಜೆಗಳಿಂದ ಆಕೆ ಕೊಯೊಲ್ಶಾವ್ಕಿ ಎಂದು ಗುರುತಿಸಿದರು. ಕಥೆ ಹೀಗಿದೆ: ತಾಯಿ ಕೊವಾತ್ಲಿಕ್ವೆಯು ಗರ್ಭಿಣಿಯಾದುದನ್ನು ಕಂಡು ಮಗಳು ಕೊಯೊಲ್ಶಾವ್ಕಿಯು ನಾನೂರು ಸಹೋದರರೊಡನೆ ಆಕೆಯನ್ನು ಕೊಲ್ಲಲು ಸರ್ಪಗಿರಿಯನ್ನೇರಿದಳು. ಆ ಕ್ಷಣದಲ್ಲಿ ಆಯುಧಪಾಣಿಯಾಗಿಯೇ ಜನಿಸಿದ ವಿತ್ಸಿಲೊಪೊಚ್ತ್ಲಿಯು ಸೋದರಿಯನ್ನು ತುಂಡರಿಸಿ ಗಿರಿಯಿಂದ ಕೆಳಕ್ಕೆ ಉರುಳಿಸಿದನು. ಈ ಶಿಲೆಯಿದ್ದುದು ವಿತ್ಸಿಲೊಪೊಚ್ತ್ಲಿಯ ಗುಡಿಯ ಮೆಟ್ಟಿಲುಗಳ ಬುಡದಲ್ಲಿ. ಎಂದರೆ ದೇವಾಲಯವೇ ಸರ್ಪಗಿರಿ. ಮೇಲಿನಿಂದ ಉರುಳುತ್ತಿದ್ದ ಬಲಿಯ ದೇಹವು ಈ ಶಿಲೆಯ ಮೇಲೆ ಬೀಳುವಾಗ ಪುರಾಣವು ಪುನಃ ಘಟಿಸುತ್ತಿತ್ತು.

ಎದುವಾರ್ದೊ ಮಾತೋಸ್ ಮೊಕ್ತೆಸೂಮರ ನೇತೃತ್ವದಲ್ಲಿ 1978ರಿಂದ 1982ರವರೆಗೆ ವ್ಯವಸ್ಥಿತ ಉತ್ಖನನವು ನಡೆಯಿತು. ದೇವಾಲಯವನ್ನು ಏಳು ಸಲ ವಿಸ್ತರಿಸಲಾಗಿತ್ತು. ಪ್ರತಿ ಸಲವೂ ಹಳೆಯದನ್ನು ಕೆಡವದೆ ಅದರ ಮೇಲೆಯೇ ಹೊಸ ಕವಚವನ್ನು ಕಟ್ಟಿದ್ದರು. ಆದ್ದರಿಂದ ಹೊರಗಿನ ಕವಚವು ಸ್ಪೇನಿನವರಿಂದ ನಾಶವಾದರೂ ಒಳಗಿನವು ಈರುಳ್ಳಿಯ ಪದರಗಳಂತೆ ಉಳಿದುಕೊಂಡವು. ಅಲ್ಲಿಯೇ ವಸ್ತುಸಂಗ್ರಹಾಲಯವೊಂದು 1987ರಲ್ಲಿ ತೆರೆಯಿತು. 2006ರ ಅಕ್ಟೋಬರ್ 2ರಂದು ಇದಕ್ಕಿಂತಲೂ ದೊಡ್ಡದಾದ, ಸುಮಾರು 12 ಟನ್ ತೂಕದ ತ್ಲಾಲ್ತೆಕುತ್ಲಿಯ ಶಿಲೆಯು ದೇವಾಲಯದ ಮುಂದೆ ದೊರೆಯಿತು. ಲಿಯೊನಾರ್ದೊ ಲೋಪೆಸ್ ಲುಹಾನರ ತಂಡವು ನಾಜೂಕಿನಿಂದ ಶುಚಿಗೊಳಿಸಿದಾಗ ಕೆಂಪು, ಕಾವಿ, ನೀಲಿ, ಬಿಳಿ, ಕಪ್ಪು ಬಣ್ಣಗಳು ಇನ್ನೂ ಅಂಟಿಕೊಂಡಿದ್ದುದು ಕಂಡುಬಂದಿತು. ನಾವು ಬೂದುಬಣ್ಣದಲ್ಲಿ ನೋಡುವ ಈ ಶಿಲೆಗಳು ತಮ್ಮ ಕಾಲದಲ್ಲಿ ವರ್ಣಮಯವಾಗಿದ್ದವು.

ಭಯಾನಕವಾದುದೆಲ್ಲವೂ ಅವರ ಕಲೆಯೆಂದು ತಿಳಿಯಬಾರದು. ಕೆಂಪುಕಲ್ಲಿನ ಮಿಡತೆ, ಹಸಿರು ಛಾಯೆಯ ಕಲ್ಲಿನ ಕುಂಬಳಕಾಯಿ, ಸುರುಳಿ ಸುತ್ತಿ ಮಲಗಿದ ಹಾವು ಇವೆಲ್ಲ ಆ ಶಿಲ್ಪಿಗಳ ಸೂಕ್ಷ್ಮದೃಷ್ಟಿಗೆ ನಿದರ್ಶನ. ಹಾವಿನ ಹೊಟ್ಟೆಯ ಅಡಿಯ ಪಟ್ಟಿಗಳನ್ನೂ ಬಿಡದೆ ಕಡೆದಿದ್ದಾರೆ.

ಹೇಗೆ ಓದಬೇಕು?

ನರಬಲಿಯ ಪ್ರಶ್ನೆಯನ್ನು ಮರೆಮಾಚಿ ಈ ವಿಷಯವನ್ನು ಮುಗಿಸುವುದು ಅಪ್ರಾಮಾಣಿಕತೆಯಾಗುತ್ತದೆ. ಸೋತವರು ಬರೆಯಲಾರದೆ ಹೋದುದರಿಂದ ಗೆದ್ದವರು ಸಂಖ್ಯೆಗಳನ್ನು ಉಬ್ಬಿಸಿರುವುದುಂಟು. ಆದರೆ ಬಲಿಯೇ ಕಟ್ಟುಕಥೆಯೆಂಬ ವಾದವು ನಿಲ್ಲುವುದಿಲ್ಲ. 2015ರಿಂದ ಮಹಾದೇವಾಲಯದ ಬಳಿ ನಡೆದ ಉತ್ಖನನದಲ್ಲಿ ತಲೆಬುರುಡೆಗಳ ಗೋಪುರವೇ ದೊರೆತು, 2020ರ ವೇಳೆಗೆ 600ಕ್ಕೂ ಹೆಚ್ಚು ಬುರುಡೆಗಳನ್ನು ಎಣಿಸಲಾಗಿತ್ತು. ಅವುಗಳಲ್ಲಿ ಸ್ತ್ರೀಯರದೂ ಮಕ್ಕಳದೂ ಇವೆ. ಸೂರ್ಯನನ್ನು ಚಲಿಸುವಂತೆ ಮಾಡಲು ದೇವತೆಗಳೇ ಮೊದಲು ಆತ್ಮಾರ್ಪಣೆ ಮಾಡಿಕೊಂಡರು, ಆ ಋಣವನ್ನು ಮನುಷ್ಯನು ರಕ್ತದಿಂದ ತೀರಿಸಬೇಕು ಎಂಬುದು ಅವರ ತತ್ತ್ವ. ಅದು ಅವರ ನಡೆಯನ್ನು ಅರ್ಥಮಾಡಿಸುತ್ತದೆ. ಬಲಿಯಾದವರ ಪಾಲಿಗೆ ಅದನ್ನು ಸಮರ್ಥಿಸುವುದಿಲ್ಲ. ಸೆರೆಯಾಳುಗಳೂ ಕಪ್ಪ ತೆರುವವರೂ ಆ ಋಣದ ಭಾರವನ್ನು ಹೊತ್ತುದರಿಂದಲೇ ಕೊರ್ತೆಸನಿಗೆ ಅಷ್ಟು ಮಿತ್ರರು ದೊರೆತರೆಂಬುದನ್ನೂ ಮರೆಯಲಾಗದು.

ಒಂದು ಕಾಲದವರು ಈ ಶಿಲೆಗಳನ್ನು ಸೈತಾನನ ಕೆಲಸವೆಂದು ಒಡೆದರು. ಮತ್ತೊಂದು ಕಾಲದವರು ಅವುಗಳಿಗೆ ಹೆದರಿ ಹೂತರು. ಇನ್ನೊಂದು ಕಾಲದವರು ಹೆಮ್ಮೆಯ ಅಲಂಕಾರವಾಗಿ ನಾಣ್ಯಗಳ ಮೇಲೆ ಅಚ್ಚೊತ್ತಿದರು. ಒಡೆದವರೂ ಹೂತವರೂ ಅಲಂಕರಿಸಿದವರೂ ಅವುಗಳನ್ನು ಓದಲಿಲ್ಲ. ಓದುವುದೆಂದರೆ ಕೊವಾತ್ಲಿಕ್ವೆಯ ಅಡಿಯ ಕೆತ್ತನೆಯನ್ನೂ ಬುರುಡೆಗಳ ಗೋಪುರವನ್ನೂ ಒಂದೇ ಜನರ ಕೈಕೆಲಸವೆಂದು ಒಪ್ಪಿಕೊಂಡು, ತಿರಸ್ಕಾರವಿಲ್ಲದೆ, ಮರುಳೂ ಇಲ್ಲದೆ ನೋಡುವುದು. ನಾವಾತ್ಲ್ ಭಾಷೆಯು ಮೃತವಾಗಿಲ್ಲ. 2020ರ ಜನಗಣತಿಯಂತೆ ಮೆಕ್ಸಿಕೋದಲ್ಲಿ ಸುಮಾರು 16 ಲಕ್ಷ ಜನರು ಅದನ್ನಾಡುತ್ತಾರೆ. ಆದ್ದರಿಂದ ಈ ಶಿಲೆಗಳು ಅಳಿದವರ ಗೋರಿಗಲ್ಲುಗಳಲ್ಲ, ಬದುಕಿರುವ ಮಕ್ಕಳ ಪಿತ್ರಾರ್ಜಿತ.

ವಿಶ್ವವಿದ್ಯಾಲಯದ ಅಂಗಳದಲ್ಲಿ ಅಧ್ಯಾಪಕರು ವಿಗ್ರಹದ ಮೇಲೆ ಮಣ್ಣೆಳೆದಾಗ ತಾವು ಯುವಕರನ್ನು ರಕ್ಷಿಸುತ್ತಿದ್ದೇವೆಂದೇ ಭಾವಿಸಿದ್ದರು. ವಿದ್ಯಾರ್ಥಿಯ ಕಣ್ಣಿನಿಂದ ಕಠಿಣವಾದುದನ್ನು ಮರೆಸುವುದು ಅವನ ರಕ್ಷಣೆಯಲ್ಲ. ಅದರ ಮುಂದೆ ಅವನನ್ನು ನಿಲ್ಲಿಸಿ, ಪಕ್ಕದಲ್ಲಿ ತಾನೂ ನಿಂತು, ನೋಡಲು ಕಲಿಸುವುದೇ ಶಿಕ್ಷಕನ ಧರ್ಮ.